ಅಪ್ಪನ ಡಬ್ಬಿ, ತಾತನ ಡಬ್ಬಿ

ಮುದುಕನಾಗಿ ಬಹಳ ಕಾಲವಾಗಿದ್ದರಿಂದ ದರ್ಜಿ ತಾತನಿಗೆ ಆ ಕೆಲಸದಲ್ಲಿ ಕೈ ಪಳಗಿತ್ತು. ವಯಸ್ಸು ತೊಂಬತ್ತಾರು. "ಪ್ಯಾಂಟು ಬಿಗಿಯಾಯ್ತು ಅಂತ ಜಗಳಕ್ಕೆ ಬರೋಕೂ ನನ್ನ ಗಿರಾಕಿ ಒಬ್ಬನೂ ಉಳಿದಿಲ್ಲ" ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಜೊತೆಗಿದ್ದವನು ಎಪ್ಪತ್ತಮೂರರ ಮಗ. ಇಬ್ಬರ ಹೆಂಡತಿಯರೂ ತೀರಿಕೊಂಡ ಮೇಲೆ ಎರಡು ಕೋಣೆಯ ಮನೆಯಲ್ಲಿ ಇವರದೇ ಸಂಸಾರ. ಮಗ ಅಡುಗೆ ಮಾಡುತ್ತಿದ್ದ, ಅಪ್ಪ ಉಪ್ಪು ಸಾಲದೆಂದು ಗೊಣಗುತ್ತಿದ್ದ. ಸಂಸಾರವೆಂದರೆ ಇನ್ನೇನು?

ಅದಕ್ಕೆ ಸಂಚಕಾರ ಬಂದದ್ದು ಮಗ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದಾಗ. ಮೂಳೆ ಮುರಿಯಲಿಲ್ಲ, ಪುಣ್ಯ. ಮನೆಗೆ ಬಂದ ಡಾಕ್ಟರಮ್ಮ ಬಿ.ಪಿ. ನೋಡಿದರು, ಮಾತ್ರೆ ಡಬ್ಬಿಗಳನ್ನು ತರಿಸಿ ನೋಡಿದರು, ಆಮೇಲೆ ತಲೆ ಚಚ್ಚಿಕೊಂಡರು. ಅಪ್ಪನ ಮಾತ್ರೆಯನ್ನು ಮಗ ನುಂಗುತ್ತಿದ್ದ, ಮಗನದನ್ನು ಅಪ್ಪ!

ಡಬ್ಬಿಗಳಿಗೆ ಚೀಟಿ ಅಂಟಿಸಿದ್ದವಳು ಪಕ್ಕದ ಬೀದಿಯಲ್ಲಿದ್ದ ಮೊಮ್ಮಗಳು, ಮಗನ ಮಗಳು. ತನ್ನ ಅಪ್ಪನದಕ್ಕೆ 'ಅಪ್ಪ', ತಾತನದಕ್ಕೆ 'ತಾತ'. ಅವಳೇನೂ ತಪ್ಪು ಬರೆದಿರಲಿಲ್ಲ. ಆದರೆ ಆ ಮನೆಯಲ್ಲಿ ಮಗ ಮಾತು ಕಲಿತಂದಿನಿಂದ 'ಅಪ್ಪ' ಎಂದರೆ ದರ್ಜಿ ತಾತನೇ. ಮಗನೋ, ತನ್ನ ಮೊಮ್ಮಕ್ಕಳಿಂದ 'ತಾತ' ಎನ್ನಿಸಿಕೊಂಡು ಹಳಬನಾಗಿದ್ದ. ಇಬ್ಬರೂ ತಂತಮ್ಮ ಡಬ್ಬಿ ಓದಿಕೊಂಡು ಶಿಸ್ತಾಗಿ ನುಂಗಿದ್ದರು.

"ನಿಮಗೇನೂ ಆಗ್ಲಿಲ್ವಾ ತಾತಾ?" ಎಂದರು ಡಾಕ್ಟರಮ್ಮ.

"ನನಗೇನಾಗುತ್ತೆ? ಹಳೇ ಹೊಲಿಗೆ ಮೆಷಿನ್ನು. ಎಣ್ಣೆ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

ಯಾರೂ ನಗಲಿಲ್ಲ. ಅವನಿಗೂ ನಗು ಬರಲಿಲ್ಲ. ತನ್ನ ಮಾತ್ರೆ ತನ್ನ ಮಗನನ್ನೇ ಬೀಳಿಸಿತಲ್ಲ ಎಂದು ಅವನು ಮಲಗಿದ್ದ ಮಂಚದ ಕಡೆಗೇ ನೋಡುತ್ತಿದ್ದ.

ಡಾಕ್ಟರಮ್ಮ ಹೋದ ಮೇಲೆ, ಸುದ್ದಿ ಕೇಳಿ ಓಡಿ ಬಂದಿದ್ದ ಮೊಮ್ಮಗಳು ಕಣ್ಣೊರೆಸಿಕೊಂಡಳು. "ಇನ್ನು ನೀವಿಬ್ರೇ ಇರೋದು ಬೇಡ. ಅಪ್ಪ, ನೀನು ನಮ್ಮನೆಗೆ ಬಾ. ಅಲ್ಲಿ ಇನ್ನೊಬ್ಬರಿಗೆ ಜಾಗ ಇಲ್ಲ. ತಾತನ್ನ ವೃದ್ಧಾಶ್ರಮದಲ್ಲಿ ಚೆನ್ನಾಗಿ ನೋಡ್ಕೋತಾರೆ."

"ಆಯ್ತು ಕಣಮ್ಮ," ಎಂದ ದರ್ಜಿ ತಾತ ತಕ್ಷಣ. "ಅಲ್ಲಿ ಎಂಬತ್ತರ ಹುಡುಗರೆಲ್ಲ ಇರ್ತಾರಂತೆ. ಒಂದಿಷ್ಟು ಬುದ್ಧಿ ಹೇಳ್ತೀನಿ." ಹೇಳುತ್ತಲೇ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

ಮಂಚದಲ್ಲಿ ಮಲಗಿದ್ದ ಮಗ ಎದ್ದು ಕೂತ. "ನನ್ನನ್ನ ಎಲ್ರೂ ತಾತ ಅಂತಾರೆ, ಯಜಮಾನ್ರೇ ಅಂತಾರೆ, ಬಸ್ಸಲ್ಲಿ ಎದ್ದು ಜಾಗ ಬಿಡ್ತಾರೆ. 'ಲೋ' ಅಂತ ಕರೆಯೋಕೆ ಈ ಭೂಮಿ ಮೇಲೆ ಉಳಿದಿರೋದು ಇವರೊಬ್ರೇ. ಇವರನ್ನ ಕಳಿಸಿ ನಾನೆಲ್ಲಿಗೂ ಬರಲ್ಲ ಮಗಳೇ."

ಮೊಮ್ಮಗಳು ಎರಡೂ ಡಬ್ಬಿಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡು, "ದಿನಾ ಬೆಳಿಗ್ಗೆ ಸಂಜೆ ನಾನೇ ಬಂದು ಕೊಟ್ಟು ಹೋಗ್ತೀನಿ" ಎಂದಳು.

ದರ್ಜಿ ತಾತ ಏನಾದರೂ ತಮಾಷೆ ಮಾಡಬೇಕೆಂದು ಬಾಯಿ ತೆರೆದ. ಒಂದೂ ತೋಚಲಿಲ್ಲ.

"ಲೋ," ಎಂದ ಕೊನೆಗೆ. "ಮಲಗೋ. ಮತ್ತೆ ತಲೆ ಸುತ್ತೀತು."

ಮಗ ಹೊದಿಕೆ ಎಳೆದುಕೊಂಡು ಮಲಗಿಕೊಂಡ.