ಶಿವರತ್ನಮ್ಮ ಡ್ರೋನ್ ಹಾರಿಸಿದ್ದು

ಐವತ್ತು ದಾಟಿದ ಶಿವರತ್ನಮ್ಮನಿಗೆ ಸೈಕಲ್ ತುಳಿಯಲೂ ಬಾರದು. ಅಂಥವಳು, ಮಧುವನಹಳ್ಳಿಯ ಮಹಿಳಾ ಸಂಘಕ್ಕೆ ಔಷಧಿ ಹೊಡೆಯುವ ಡ್ರೋನ್ ಬಂದಾಗ, "ನಾನ್ ಕಲಿತೀನಿ" ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದಳು. ಗಂಡ ಸಿದ್ದಮಲ್ಲಪ್ಪ ಬೆನ್ನಿಗೆ ಔಷಧಿ ಟ್ಯಾಂಕು ಹೊತ್ತು ಹೊತ್ತು ಹೆಗಲು ಹಾಳುಮಾಡಿಕೊಂಡಿದ್ದ. ಮಗ್ಗುಲು ಬದಲಿಸಿದರೂ ನರಳುತ್ತಿದ್ದ. ಬಿಡು ಎಂದರೆ ಬಿಡುವವನಲ್ಲ.

"ನೀನು ಡ್ರೋನ್ ಆರಿಸೋದಾ? ಮಿಕ್ಸಿ ಸದ್ದಿಗೇ ಬೆಚ್ಚಿ ಬೀಳ್ತೀಯ!" ಎಂದು ನಕ್ಕಿದ್ದ.

ಕೊಳ್ಳೇಗಾಲದ ತರಬೇತಿಯಲ್ಲಿ ಮೊದಲು ಕಂಪ್ಯೂಟರಿನಲ್ಲೇ ಹಾರಿಸಬೇಕು. ಶಿವರತ್ನಮ್ಮನ ಡ್ರೋನ್ ಮಾತ್ರ ನೆಟ್ಟಗೆ ಪರದೆಯೊಳಗಿನ ಮರಕ್ಕೇ ಹೋಗಿ ಗುದ್ದುತ್ತಿತ್ತು.

"ಅಯ್ಯೋ ಮೇಡಮ್, ಇದಕ್ಕೆ ಮರ ಕಂಡ್ರೆ ಅದೇನ್ ಪಿರೂತಿಯೋ!"

ಕಲಿಸುತ್ತಿದ್ದ ಪುಷ್ಪ ನಗು ತಡೆಯಲಾರದೆ, "ಹಾಲು ಕರೆಯೋ ಕೈ ಅಲ್ವಾಮ್ಮ ನಿಮ್ದು? ಈ ರಿಮೋಟಿನ ಕಡ್ಡಿಗಳನ್ನ ಅಷ್ಟೇ ಮೆತ್ತಗೆ ಹಿಡೀರಿ. ಗಾಬರಿಯಾದ್ರೆ ಎರಡು ಬೆರಳೂ ಬಿಟ್ಬಿಡಿ, ಅದು ನಿಂತ ಜಾಗದಲ್ಲೇ ನಿಲ್ಲುತ್ತೆ" ಎಂದಳು.

ಅಂದಿನಿಂದ ಮರಗಳು ಬಚಾವಾದವು.

ಊರ ಗದ್ದೆಯಲ್ಲಿ ಮೊದಲ ಹಾರಾಟಕ್ಕೆ ಪುಷ್ಪಳೂ ಬಂದಿದ್ದಳು. ಔಷಧಿ ಬದಲು ಬರೀ ನೀರು ತುಂಬಿಸಿದರು. ಬದುವಿನ ಮೇಲೆ ಅರ್ಧ ಊರೇ ನೆರೆದಿತ್ತು. ಡ್ರೋನ್ ಗುಂಯ್ ಎಂದು ಮೇಲೆದ್ದು, ಭತ್ತದ ಪೈರಿನ ಮೇಲೆ ಹನಿ ಉದುರಿಸುತ್ತ ಸಾಗಿತು. ಅಷ್ಟರಲ್ಲಿ ಪೈರಿನೊಳಗಿಂದ ಬೆಳ್ಳಕ್ಕಿ ಹಿಂಡು ಭರ್ರೆಂದು ಎದ್ದಿತು. ಶಿವರತ್ನಮ್ಮ ಗಾಬರಿಬಿದ್ದು ಬೆರಳು ಬಿಟ್ಟುಬಿಟ್ಟಳು.

ಡ್ರೋನ್ ಆಕಾಶದಲ್ಲೇ ಅಲುಗದೆ ನಿಂತಿತು. ಹಕ್ಕಿಗಳು ದಾಟಿಹೋದವು. ನೀರಿನ ತುಂತುರು ಮಾತ್ರ ಗಾಳಿಗೆ ತೇಲಿಬಂದು, ಗದ್ದೆಯಾಚೆ ಕೈಕಟ್ಟಿ ನಿಂತಿದ್ದ ಸಿದ್ದಮಲ್ಲಪ್ಪನ ಮೀಸೆಯನ್ನೂ ಪಂಚೆಯನ್ನೂ ತೋಯಿಸಿತು. ಎಲ್ಲರೂ ಅವನತ್ತ ತಿರುಗಿದರು. ಅವನು ಮುಖ ಒರೆಸಿಕೊಂಡವನೇ ಊರೆಲ್ಲ ಕೇಳುವಂತೆ ಕೂಗಿದ:

"ನೋಡ್ರಲಾ! ನಮ್ಮೋಳ್ ಕಣ್ರಲಾ ಆರಿಸ್ತಾವ್ಳೆ!"

ಬದುವೆಲ್ಲ ಕೇಕೆ, ಚಪ್ಪಾಳೆ. ಡ್ರೋನ್ ಇಳಿಸುವಾಗ ಶಿವರತ್ನಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸಿದ್ದಮಲ್ಲಪ್ಪ ಹತ್ತಿರ ಬಂದು, ದನಿ ತಗ್ಗಿಸಿ, "ಇನ್ಮೇಲೆ ಟ್ಯಾಂಕ್ ಒರಾಕಿಲ್ಲ ಬುಡಮ್ಮಿ. ಬ್ಯಾಟ್ರಿ ಬೇಕಾರೆ ಎತ್ಕೊಡ್ತೀನಿ" ಎಂದ.

ಅವಳು ಕಣ್ಣೊರೆಸಿಕೊಂಡು ಪುಷ್ಪಳತ್ತ ತಿರುಗಿದಳು.

"ಮೇಡಮ್, ಇದು ಕೆಟ್ರೆ ರಿಪೇರಿ ಮಾಡೋದ್ನ ಯಾವಾಗ ಕಲಿಸ್ತೀರಿ?"