ಮೊದಲ ಬೇಟೆಯ ನಾಲಿಗೆ

"ಕೋವಿ ಖಾಲಿ ಇದೆ ತಾನೆ?"

ನಿಕಿಫರ್ ಹುಬ್ಬು ಮೇಲೆತ್ತಿದ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಕಾದಳು. ದಕ್ಷಿಣದ ಯಾವುದೋ ರಾಜ್ಯದಿಂದ ಬೆಥೆಲ್‌ಗೆ ಬಂದು ವಾರವೂ ಆಗಿರದ ಹೊಸಬಳು. "ಸಾರ್, ನಿಮ್ಮನ್ನೇ ಕೇಳ್ತಿರೋದು. ಖಾಲಿ ಇದೆಯಾ?"

ಅವನು ಇನ್ನೊಮ್ಮೆ, ಈ ಸಲ ಸ್ವಲ್ಪ ಹೆಚ್ಚಾಗಿಯೇ, ಹುಬ್ಬೆತ್ತಿದ. ನದಿಯ ಜನಕ್ಕೆ ಹೌದು ಎನ್ನಲು ಅಷ್ಟು ಸಾಕು. ಆಂಕರೇಜಿನ ನಕಾಶೆ ಕಚೇರಿಯಲ್ಲಿ ಹನ್ನೊಂದು ವರ್ಷ ಕೂತು ಅವನು ಈ ಅಭ್ಯಾಸ ಬಿಟ್ಟಿದ್ದ. ಬಾಯಿ ತೆರೆದು ಹೌದು ಎನ್ನುವುದನ್ನು ಕಷ್ಟಪಟ್ಟು ಕಲಿತಿದ್ದ. ಊರಿನಲ್ಲಿ ಕಳೆದ ಹತ್ತು ದಿನ ಅವನ ಹುಬ್ಬುಗಳನ್ನು ಅವನಿಗೆ ಮರಳಿಸಿತ್ತು. ಬೆಳಿಗ್ಗೆ ಆರು ಸೀಟಿನ ವಿಮಾನದಲ್ಲಿ ಊರು ಬಿಡುವಾಗ ಪೈಲಟ್ ಕೇಳಿದ್ದು ಅವನ ತೂಕವನ್ನು ಮಾತ್ರ. ಕೋವಿ ಪೆಟ್ಟಿಗೆಯನ್ನು ಕಾಲಸಂದಿಗೆ ತಳ್ಳಿದ್ದ, ಕೊಡೆಯನ್ನು ತಳ್ಳುವ ಹಾಗೆ.

ಹುಡುಗಿಗೆ ಆ ಹುಬ್ಬು ಬೆರಗಿನಂತೆ ಕಂಡಿತು. ತನ್ನ ಕೋವಿ ಖಾಲಿಯೇ ಎಂದು ಕೇಳಿದರೆ ಬೆರಗಾಗುವ ಮನುಷ್ಯ!

"ಪೆಟ್ಟಿಗೆ ತೆಗೀರಿ. ನೋಡ್ಬಿಡೋಣ."

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಮೀನಿನ ಬಾಕ್ಸುಗಳ ಮೇಲೆ ಕೂತಿದ್ದ ನಾಸ್ತಾಸಿಯಾ ಅತ್ತೆ ಕೂಗಿದಳು: "ಬಾಯಿ ಬಿಟ್ಟು ಹೇಳೋ ಮಾರಾಯ! ಅವಳಿಗೆ ಮುಖ ಓದೋಕೆ ಬರಲ್ಲ. ನಮ್ಮ ಮೀನು ಇಲ್ಲೇ ಕರಗುತ್ತೆ."

ಕತ್ತಿನ ದಾರದಲ್ಲಿದ್ದ ಕೀಲಿಕೈಯಿಂದ ನಿಕಿಫರ್ ಪೆಟ್ಟಿಗೆ ತೆರೆದ. ಅಜ್ಜನ ಕೋವಿ. ಅಜ್ಜನ ಹೆಸರೂ ಅವನಿಗೇ ಬಂದಿತ್ತು. ಹಾಗಾಗಿ ಅಜ್ಜಿ ಅವನನ್ನು ತೊಟ್ಟಿಲಿನಿಂದಲೂ 'ನಮ್ಮ ಯಜಮಾನ್ರು' ಎಂದೇ ಕರೆಯುತ್ತಿದ್ದಳು. ಅವನು ನಳಿಗೆಯನ್ನು ಗೋಡೆಗೆ ತಿರುಗಿಸಿ, ಚಿತ್ರದಲ್ಲಿ ಕಂಡ ಬೇಟೆಗಾರನ ಗತ್ತಿನಲ್ಲಿ, ಬೋಲ್ಟನ್ನು ಹಿಂದಕ್ಕೆಳೆದ.

ತೋಟಾ ಒಂದು ಚಿಮ್ಮಿ ಕೌಂಟರಿನ ಮೇಲೆ ಬಿತ್ತು. ಉರುಳಿತು. ಹುಡುಗಿಯ ಪೆನ್ನಿಗೆ ತಾಗಿ ನಿಂತಿತು.

ತುದಿಯಲ್ಲಿ ಗುಂಡು ಹಾಗೆಯೇ ಇತ್ತು.

ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ಫೋನ್ ಎತ್ತಿದಳು.

ಬಂದ ಪೊಲೀಸಿನವನು ಗಡ್ಡದವನು, ಅವಸರವಿಲ್ಲದವನು. ತೋಟಾವನ್ನು ಬೆಳಕಿಗೆ ಹಿಡಿದು ಬುಡ ನೋಡಿದ. ಅಲ್ಲಿ ಸಾಸಿವೆಯಷ್ಟು ತಗ್ಗು. "ಕೋವಿಯ ಸೂಜಿ ಬಡಿದಿದೆ. ಸಿಡಿದಿಲ್ಲ. ಹಳೇ ತೋಟಾ. ನಿಮ್ಮ ಪುಣ್ಯ, ಇಲ್ಲಿ ಸಿಡೀಲಿಲ್ಲ." ಏನೋ ಬರೆದುಕೊಂಡ. "ಎಷ್ಟು ಈಡು ಹೊಡೆದ್ರಿ?"

"ಒಂದು."

"ಇದೇನಾ ಆ ಒಂದು?"

ನಿಕಿಫರ್ ತೋಟಾದ ತಗ್ಗನ್ನೇ ನೋಡಿದ.

"ಬೇಟೇಲಿ ಮೂಸ್ ಸಿಕ್ತಾ?"

"ಸಿಕ್ತು."

"ಮತ್ತೇನು ಬಿಡಿ. ಕೋವಿ ನಮ್ಮ ಹತ್ರ ಇರಲಿ, ಆಮೇಲೆ ಬಂದು ಬಿಡಿಸ್ಕೊಳ್ಳಿ. ನೀವು ಹೊರಡಿ, ವಿಮಾನ ಹೋಗುತ್ತೆ."

ಅವನ ಕೈ ತಾನಾಗಿ ಬಲ ಭುಜಕ್ಕೆ ಹೋಯಿತು. ನಾಲ್ಕು ದಿನದಿಂದ ಆ ಭುಜ ನೋಯುತ್ತಿತ್ತು. ಕೋವಿ ಒದ್ದ ನೋವು. ಬೇಟೆಗೆ ಕರೆದೊಯ್ದಿದ್ದ ಮಾವನ ಹೆಂಡತಿ ಸೀಲ್ ಪ್ರಾಣಿಯ ಎಣ್ಣೆ ಹಚ್ಚಿ ತಿಕ್ಕಿದ್ದಳು. ಒದೆಯದ ಕೋವಿಗೆ ಭುಜ ಇಷ್ಟು ನಿಷ್ಠೆಯಿಂದ ನೋಯುತ್ತದೆಯೆ?

ನದಿಯ ತಿರುವಿನಲ್ಲಿ, ಬೆಳಗಿನ ಮಂಜಿನಲ್ಲಿ, ಆ ಮೂಸ್ ಕಡವೆ ಮೊಳಕಾಲುದ್ದ ನೀರಿನಲ್ಲಿ ನಿಂತಿತ್ತು. ಅವನು ಕೋವಿಯ ಕುದುರೆ ಎಳೆದ. ಆಕಾಶ ಒಡೆಯಿತು. ಕಡವೆ ಕೂತುಕೊಂಡಿತು, ಮುದುಕರು ಕೂರುವಂತೆ, ಯೋಚಿಸಿ. ಮಾವ ಹಿಂದೆ ದೋಣಿಯಲ್ಲಿದ್ದ. ಮರುಗಳಿಗೆಯೇ ಬಂದು ಇವನ ಕೈಯಿಂದ ಕೋವಿ ತೆಗೆದು ಪೆಟ್ಟಿಗೆಗೆ ಹಾಕಿ, "ಸಾಕು, ಕತ್ತಿ ತಗೋ" ಎಂದಿದ್ದ. ಮಾವನ ಕೋವಿ ಎಲ್ಲಿತ್ತು? ಅದನ್ನು ಅವನು ನೋಡಿರಲೇ ಇಲ್ಲ.

ಮೂವತ್ತೈದು ವರ್ಷಕ್ಕೆ ಮೊದಲ ಬೇಟೆ. ಊರು ನಕ್ಕಿತು, ಕುಣಿಯಿತು. ಮೊದಲ ಬೇಟೆಯನ್ನು ಪೂರ್ತಿ ಹಂಚಬೇಕು. ಮೊದಲ ಪಾಲು ಹಿರಿಯರದು. ಹೊಡೆದವನು ಮಾತ್ರ ಒಂದು ಚೂರನ್ನೂ ಬಾಯಿಗೆ ಹಾಕಬಾರದು. ಅವನು ಹಾಕಲಿಲ್ಲ. ಎಲ್ಲರೂ ಉಣ್ಣುವಾಗ ಒಣಮೀನು ಜಗಿಯುತ್ತ ಕೂತಿದ್ದ. ಹಸಿವು ಇಷ್ಟು ಹೆಮ್ಮೆಯದು ಎಂದು ಅವನಿಗೆ ಅಂದೇ ಗೊತ್ತಾದದ್ದು.

ನಾಲಿಗೆಯನ್ನು ಬೇಯಿಸಿ, ಬಟ್ಟೆ ಸುತ್ತಿ, ಬಾಕ್ಸಿನಲ್ಲಿ ಇಟ್ಟಿದ್ದರು. ಅದು ಅಜ್ಜಿಗೆ. ಆಂಕರೇಜಿನ ಆಸ್ಪತ್ರೆಯಲ್ಲಿ ಉಸಿರನ್ನು ಚೂರುಚೂರಾಗಿ ಎಳೆಯುತ್ತಿದ್ದ ಅಜ್ಜಿ ವಸಂತದಲ್ಲೇ ಹೇಳಿಬಿಟ್ಟಿದ್ದಳು: "ಯಜಮಾನರ ಮೊದಲ ಬೇಟೆ ತಿಂದ ಮೇಲೇ ನಾನು ಹೊರಡೋದು."

"ನನ್ನ ಬಾಕ್ಸ್ ವಾಪಸ್ ಬೇಕು," ಎಂದ ನಿಕಿಫರ್.

ಹುಡುಗಿ ಬೆಲ್ಟಿನ ಕೊನೆಯ ರಬ್ಬರ್ ಪರದೆಯನ್ನು ತೋರಿಸಿದಳು. "ಅದು ಆಗಲೇ ಹೋಯ್ತಲ್ಲ, ಸಾರ್."

ಮೂಲೆಗೆ ಹೋಗಿ ಮಾವನಿಗೆ ಫೋನ್ ಮಾಡಿದ.

"ಅಲ್ಲಿ ಗಾಳಿ ಹ್ಯಾಗಿದೆ?" ಎಂದ ಮಾವ.

"ಮಾವ, ನನ್ನ ಕೋವಿ ಈಡಾಗಿಲ್ಲ. ತೋಟಾ ಒಳಗೇ ಇತ್ತು."

"ಓಹೋ."

"ಮೂಸ್ ಹೊಡೆದಿದ್ದು ಯಾರು?"

"ಎಷ್ಟು ಶಬ್ದ ಕೇಳಿಸ್ತು ನಿಂಗೆ?"

"ಒಂದು."

"ಬಿದ್ದಿದ್ದೂ ಒಂದೇ. ಸರಿಹೋಯ್ತಲ್ಲ."

"ನಿಂಗೆ ಗೊತ್ತಿತ್ತಾ?"

ಆ ಕಡೆ ಮೋಟಾರು ದೋಣಿಯ ಸದ್ದು. "ನಾಲಿಗೇನ ತೆಳ್ಳಗೆ ಕೊಯ್ದು ಕೊಡು. ಅವಳಿಗೆ ಹಲ್ಲಿಲ್ಲ," ಎಂದ ಮಾವ. ಫೋನ್ ಸತ್ತಿತು. ಅಥವಾ ಮಾವ ಅದನ್ನು ಸಾಯಿಸಿದ.

ವಿಮಾನದಲ್ಲಿ ಕಿಟಕಿಯ ಸೀಟು. ಕೆಳಗೆ ಸಾವಿರ ಕೆರೆಗಳು. ಕೆಲವಕ್ಕೆ ನಕಾಶೆಯಲ್ಲಿ ಹೆಸರು ಬರೆದವನು ಅವನೇ. ಮೇಲಿನಿಂದ ಒಂದೂ ಗುರುತು ಹತ್ತಲಿಲ್ಲ. ಅವನ ಕಾಲ ಕೆಳಗೆ, ತಗಡಿನ ನೆಲದಾಚೆಯ ಕತ್ತಲಲ್ಲಿ, ಆ ಕಡವೆಯ ನಾಲಿಗೆಯೂ ಅದೇ ವೇಗದಲ್ಲಿ ಹಾರುತ್ತಿತ್ತು.

ಅಜ್ಜಿಯ ಕತೆಗಳಲ್ಲಿ ಸತ್ತ ಮೃಗ ಸಾಯುವುದಿಲ್ಲ. ತನ್ನವರ ಬಳಿಗೆ ಮರಳಿ ಹೋಗಿ ಒಲೆಯ ಸುತ್ತ ಕೂತು, ಯಾರ ಮನೆಗೆ ನೆಂಟನಾಗಿ ಹೋಗಿದ್ದೆ, ಹೇಗೆ ಉಪಚರಿಸಿದರು ಎಂದು ಹೇಳುತ್ತದೆ. ಕಣ್ಣು ಮುಚ್ಚಿದರೆ ಅವನಿಗೆ ಆ ಒಲೆ ಕಂಡಿತು. ಕೊಂಬಿನ ನೆರಳುಗಳು ಕಂಡವು. ಯಾರ ಮನೆ, ಯಾರ ಮನೆ ಎಂದು ಎಲ್ಲ ಕೇಳುತ್ತಿದ್ದರು. ಅವನ ಕಡವೆ ಬಾಯಿ ತೆರೆಯಿತು. ಒಳಗೆ ನಾಲಿಗೆ ಇರಲಿಲ್ಲ.

ಆಂಕರೇಜಿನಲ್ಲಿ ಬಾಕ್ಸನ್ನು ಬಿಟ್ಟೇ ಹೋಗಬಹುದು ಎಂದುಕೊಂಡಿದ್ದ. ಕಳೆದುಹೋಯಿತು ಎಂದರೆ ಆಯಿತು. ಆದರೆ ಚಿಕ್ಕಮ್ಮನ ಮಗಳು ಮಾತ್ರೋನಾ ಅವನಿಗಿಂತ ಮೊದಲೇ ಬಂದು, ಸುತ್ತುವ ಬೆಲ್ಟಿನಿಂದ ಬಾಕ್ಸ್ ಎತ್ತಿ, ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು.

"ಬಂದ್ರಪ್ಪಾ, ಬೇಟೆಗಾರರು! ಅಣ್ಣಾ, ಇಡೀ ವಾರ್ಡಿಗೆ ಹೇಳಿಟ್ಟಿದ್ದೀನಿ. ಅಜ್ಜಿ ಬೆಳಿಗ್ಗೆಯಿಂದ ಗಂಜೀನೂ ಮುಟ್ಟಿಲ್ಲ, ಬಾಯಿ ರುಚಿ ಕೆಡುತ್ತಂತೆ. ಕೋವಿ ಎಲ್ಲಿ?"

"ಅಲ್ಲೇ ಉಳೀತು."

"ಯಾಕೆ?"

"ಏನೋ ಕಾಗದಪತ್ರ."

ಕಾರಿನಲ್ಲಿ ಅವಳು ಒಂದೇ ಸಮನೆ ಮಾತಾಡಿದಳು. ಎರಡು ಸಲ ಅವನು ಹೇಳಲು ಹೊರಟ. ಎರಡು ಸಲವೂ ಸಿಗ್ನಲ್ ಹಸಿರಾಯಿತು.

ಅಜ್ಜಿ ದಿಂಬುಗಳಿಗೆ ಒರಗಿ ಕೂತಿದ್ದಳು. ತಲೆ ಬಾಚಿಸಿಕೊಂಡು, ಒಳ್ಳೆಯ ಹೂವಿನ ರವಿಕೆ ಹಾಕಿಕೊಂಡಿದ್ದಳು. ಮೂಗಿನಲ್ಲಿ ನಳಿಕೆ.

"ಬಂದ್ರಾ ಯಜಮಾನ್ರು. ಹೆಂಡ್ತೀನ ಇಷ್ಟು ಕಾಯಿಸೋದಾ?"

ಮಾತ್ರೋನಾ ನಾಲಿಗೆಯನ್ನು ತೆಳ್ಳಗೆ ಕೊಯ್ದು ತಟ್ಟೆಯಲ್ಲಿ ಹರಡಿದಳು. ಅಜ್ಜಿ ಒಂದು ಚೂರು ಬಾಯಿಗಿಟ್ಟು, ಕಣ್ಣು ಮುಚ್ಚಿ, ವಸಡಿನಲ್ಲಿ ನಿಧಾನವಾಗಿ ಅರೆದಳು. ನುಂಗಿದಳು. ಇನ್ನೊಂದು. ಅವಳು ಇಷ್ಟು ತಿಂದು ತಿಂಗಳಾಯಿತೆಂದು ನರ್ಸ್ ಬಾಗಿಲಲ್ಲಿ ನಿಂತು ನಕ್ಕಳು.

"ಈಗ ಹೇಳಿ," ಎಂದಳು ಅಜ್ಜಿ. "ಹ್ಯಾಗೆ ಬಿತ್ತು?"

ಹೇಳಬೇಕು. ಹೊಡೆದವನು ಹೇಳದೆ ಊಟ ಮುಗಿಯುವುದಿಲ್ಲ.

"ನೀರಲ್ಲಿ ನಿಂತಿತ್ತು."

"ಆಮೇಲೆ?"

"ನನ್ನ ಕಡೆ ನೋಡ್ತು."

"ಆಮೇಲೆ?"

"ಶಬ್ದ ಆಯ್ತು."

ಅಜ್ಜಿಯ ದವಡೆ ನಿಂತಿತು. ಆಕೆ ಅವನ ಮುಖವನ್ನು ನೋಡಿದಳು. ಅಜ್ಜನನ್ನು ಹುಡುಕುತ್ತಿದ್ದಳೋ, ಅವನನ್ನೋ, ತಿಳಿಯಲಿಲ್ಲ. ಆಮೇಲೆ ತಟ್ಟೆಯಿಂದ ಒಂದು ಚೂರು ಎತ್ತಿ, ಕೈಯನ್ನು ಅವನ ಬಾಯಿಯ ತನಕ ಚಾಚಿದಳು.

"ತಿನ್ನು. ಹಸಿದಿದ್ದೀಯ."

ಹುಟ್ಟಿದಾಗಿನಿಂದ ಆಕೆ ಅವನನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು.

"ಅಯ್ಯೋ ಅಜ್ಜಿ!" ಮಾತ್ರೋನಾ ನಕ್ಕಳು. "ಅಣ್ಣ ತಿನ್ನೋ ಹಾಗಿಲ್ಲ. ಅವನದೇ ಬೇಟೆ ಅಲ್ವಾ?"

"ಗೊತ್ತು ಕಣೇ," ಎಂದಳು ಅಜ್ಜಿ. ಕೈ ಹಿಂದಕ್ಕೆ ಹೋಗಲಿಲ್ಲ.

ನಿಕಿಫರ್ ಅಲುಗಾಡಲಿಲ್ಲ. ಕೊಬ್ಬಿನ ಹನಿಯೊಂದು ಜಾರಿ ಬಿಳಿಯ ಹೊದಿಕೆಯ ಮೇಲೆ ಬಿದ್ದು ಅಗಲವಾಯಿತು. ನರ್ಸ್ ನೋಡುತ್ತಿದ್ದಳು. ಮಾತ್ರೋನಾಳ ನಗು ಅರ್ಧಕ್ಕೆ ನಿಂತಿತು. ಇನ್ನೊಬ್ಬರ ಬೇಟೆಯ ನಾಲಿಗೆ, ತಣ್ಣಗೆ, ಅವನ ಮುಚ್ಚಿದ ತುಟಿಗಳಿಗೆ ತಾಗಿಕೊಂಡು ನಿಂತಿತ್ತು.