ಮೈದಾ ಅಂಟು

ಕಾನೂನಿನ ಹೊಸ ಪುಸ್ತಕಕ್ಕೆ ಮೂವತ್ತು ರೂಪಾಯಿ, ಮೈದಾ ಅಂಟಿಗೆ ನಾಲ್ಕಾಣೆ. ಹಾಗಾಗಿ ಹೊಸನಗರದ ವಕೀಲ ಮುಕುಂದಯ್ಯನವರು ಕಾನೂನು ಬದಲಾದಾಗಲೆಲ್ಲ ತಿದ್ದುಪಡಿಯ ಚೀಟಿಯನ್ನು ಹಳೆಯ ಪುಟದ ಮೇಲೇ ಅಂಟಿಸುತ್ತಿದ್ದರು. ಗುಮಾಸ್ತಿಕೆ ಕಲಿಯಲು ಬಂದ ಶರಾವತಿಗೆ ಸಿಕ್ಕ ಮೊದಲ ಕೆಲಸವೂ ಅದೇ.

"ಅಂಟು ಹಚ್ಚೋಕೆ ಎಸ್ಸೆಸ್ಸೆಲ್ಸಿ ಯಾಕೆ ಬೇಕಿತ್ತು?" ಎಂದು ಗೊಣಗಿ, ಅವಳು ಚೀಟಿಗಳನ್ನು ಡ್ರಾಯರಿಗೆ ತುರುಕಿದಳು.

ಒಂದು ದಿನ ವಕೀಲರು ಕೋರ್ಟಿಗೆ ಹೋಗಿದ್ದಾಗ ಹುಲಿಕಲ್ಲಿನ ಗುತ್ಯಮ್ಮ ಬಂದಳು. ತಾನು ಉಳುವ ಗೇಣಿ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕಿತ್ತು. ಶರಾವತಿ ಠೀವಿಯಿಂದ ಪುಸ್ತಕ ತೆರೆದಳು.

"ಗಡುವು ಮುಗಿದುಹೋಯ್ತಲ್ಲಮ್ಮ."

"ಹಂಗಾದ್ರೆ ಗದ್ದೆ ಹೋದಂಗೇ ಬಿಡು ಮಗಾ," ಎಂದು ಗುತ್ಯಮ್ಮ ಎದ್ದು ನಡೆದಳು.

ಹಿಂತಿರುಗಿದ ಮುಕುಂದಯ್ಯನವರು ವಿಷಯ ಕೇಳಿ ಪುಟ ನೋಡಿದರು. "ಇದರ ಮೇಲಿನ ಚೀಟಿ ಎಲ್ಲಿ?"

ಚೀಟಿ ಡ್ರಾಯರಿನಲ್ಲಿತ್ತು. ಗಡುವು ಮುಂದಕ್ಕೆ ಹೋಗಿತ್ತು; ಇನ್ನೂ ಒಂದು ವಾರವಿತ್ತು.

"ಕಾನೂನು ಹೇಳೋಕೆ ಮುಂಚೆ ಅದು ಇನ್ನೂ ಬದುಕಿದೆಯಾ ಅಂತ ನೋಡ್ಬೇಕು ಕಣಮ್ಮ. ಓಡು!"

ಶರಾವತಿ ನಿಲ್ದಾಣ ಮುಟ್ಟಿದಾಗ ಹುಲಿಕಲ್ಲಿನ ಬಸ್ಸು ಹೊರಡುವುದರಲ್ಲಿತ್ತು. "ಗುತ್ಯಮ್ಮಾ, ಇಳೀರಿ! ಗದ್ದೆ ಹೋಗಿಲ್ಲ!"

"ಟಿಕೆಟ್ ಹರಿಸಿಯಾಯ್ತಲ್ಲೇ, ಪುಣ್ಯಾತ್ಗಿತ್ತಿ!" ಎನ್ನುತ್ತಲೇ ಗುತ್ಯಮ್ಮ ಇಳಿದಳು.

ಅಂದೇ ಅರ್ಜಿ ತಾಲ್ಲೂಕು ಕಚೇರಿ ಸೇರಿತು. ಸಂಜೆ ಶರಾವತಿ ತಾನಾಗಿಯೇ ಅಂಟು ಕಾಯಿಸಿದಳು.

ಎರಡು ವರ್ಷದ ಮೇಲೆ ಗದ್ದೆ ಗುತ್ಯಮ್ಮನದಾಯಿತು. ಕಳೆದದ್ದು ಒಂದು ಬಸ್ ಟಿಕೆಟ್, ಅಷ್ಟೆ.